‘ಜಾಗೃತಿ’ ಎಂಬ ರೂಪಕ: ಅರಬ್ ರಾಷ್ಟ್ರೀಯತೆಯ ಉದಯವೂ ಕರ್ನಾಟಕತ್ವವೂ

೧

ರಾಷ್ಟ್ರೀಯತೆಯ ಇತಿಹಾಸವನ್ನು ಬರೆಯಹೊರಟವರು ಬಹುಮಟ್ಟಿಗೆ ಒಂದೇ ರೂಪಕವನ್ನು ಆಶ್ರಯಿಸುತ್ತಾರೆ. ಜನಾಂಗವೊಂದು ಬಹುಕಾಲ ನಿದ್ರಿಸುತ್ತಿತ್ತು, ಬಳಿಕ ಎಚ್ಚತ್ತಿತು ಎಂಬುದೇ ಆ ರೂಪಕ. ಜಾರ್ಜ್ ಆಂಟೋನಿಯಸ್ ಅವರು ೧೯೩೮ರಲ್ಲಿ ಅರಬ್ ರಾಷ್ಟ್ರೀಯ ಚಳವಳಿಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ ಅದಕ್ಕೆ ‘ಅರಬ್ ಜಾಗೃತಿ’ ಎಂಬರ್ಥದ ಹೆಸರನ್ನೇ ಇಟ್ಟರು. ಅದಕ್ಕೆ ಇಪ್ಪತ್ತೊಂದು ವರ್ಷ ಮೊದಲು, ೧೯೧೭ರಲ್ಲಿ, ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಕನ್ನಡಿಗರ ಕೈಗಿತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಅರಿಯರು. ಒಬ್ಬರು ಆಳುವ ಬ್ರಿಟಿಷರಿಗೆ ತಮ್ಮ ಜನರ ಅಹವಾಲನ್ನು ತಿಳಿಸಲು ಬರೆದರು. ಇನ್ನೊಬ್ಬರು ತಮ್ಮವರನ್ನೇ ಉದ್ದೇಶಿಸಿ ತಮ್ಮ ನುಡಿಯಲ್ಲಿ ಬರೆದರು. ಆದರೂ ಇಬ್ಬರ ವಾದದ ಅಡಿಗಲ್ಲು ಒಂದೇ: ಹಿಂದೆ ವೈಭವವಿತ್ತು, ನಡುವೆ ಮರೆವು ಕವಿಯಿತು, ಈಗ ನೆನಪು ಮರಳಬೇಕು.

ಈ ರೂಪಕವು ಎಷ್ಟರಮಟ್ಟಿಗೆ ಇತಿಹಾಸಕ್ಕೆ ಒಪ್ಪುತ್ತದೆ, ಎಲ್ಲಿ ಅದು ಇತಿಹಾಸವನ್ನು ಮರೆಮಾಡುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಇದು ಬರಿಯ ಪಂಡಿತರ ಚರ್ಚೆಯೆಂದು ವಾಚಕರು ಭಾವಿಸಬೇಕಾಗಿಲ್ಲ. ವಿಶಾಖಪಟ್ಟಣದಲ್ಲಿಯೋ ವಿಜಯವಾಡದಲ್ಲಿಯೋ ನೆಲೆಸಿ, ತೆಲುಗರ ನಡುವೆ ಕನ್ನಡವನ್ನು ಉಳಿಸಿಕೊಳ್ಳಬಯಸುವ ನಮಗೆ ‘ಕನ್ನಡಿಗ’ ಎಂದರೆ ಯಾರು ಎಂಬ ಪ್ರಶ್ನೆ ದಿನದಿನದ ಬಾಳಿನ ಪ್ರಶ್ನೆಯಾಗಿದೆ. ನಮ್ಮ ಉತ್ತರಕ್ಕೆ ಒರೆಗಲ್ಲಾಗಬಲ್ಲ ಶಿಲಾಶಾಸನವೂ ಇಲ್ಲಿಯ ಸಿಂಹಾಚಲದ ಗುಡಿಯಲ್ಲಿಯೇ ಇದೆ.

೨

ಆಂಟೋನಿಯಸ್ ಅವರು ಲೆಬನಾನಿನಲ್ಲಿ ಹುಟ್ಟಿ, ಅಲೆಕ್ಸಾಂಡ್ರಿಯದಲ್ಲಿ ಬೆಳೆದು, ಕೇಂಬ್ರಿಜಿನಲ್ಲಿ ಓದಿ, ಪ್ಯಾಲೆಸ್ಟೈನಿನ ಬ್ರಿಟಿಷ್ ಆಡಳಿತದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಕ್ರೈಸ್ತರು. ಅವರ ಕಥೆ ೧೮೪೭ರಲ್ಲಿ ಬೈರೂತಿನಲ್ಲಿ ಅಮೆರಿಕನ್ ಮಿಶನರಿಗಳ ಆಸರೆಯಲ್ಲಿ ಹುಟ್ಟಿದ ಒಂದು ಸಣ್ಣ ಸಾಹಿತ್ಯ ಸಂಘದಿಂದ ಪ್ರಾರಂಭವಾಗುತ್ತದೆ. ೧೮೩೪ರಲ್ಲಿ ಈ ಮಿಶನರಿಗಳು ತಮ್ಮ ಅರಬ್ಬೀ ಮುದ್ರಣಾಲಯವನ್ನು ಮಾಲ್ಟಾ ದ್ವೀಪದಿಂದ ಬೈರೂತಿಗೆ ತಂದಿದ್ದರು. ಅವರ ಸಂಗಡ ದುಡಿದವರಲ್ಲಿ ಇಬ್ಬರು ಮುಖ್ಯರು: ಹಳೆಯ ಅರಬ್ಬೀ ಗದ್ಯಪದ್ಯಗಳಲ್ಲಿ ಪಾರಂಗತರಾಗಿದ್ದ ನಾಸಿಫ್ ಅಲ್ ಯಾಜಿಜಿ, ಮತ್ತು ಕೋಶಕಾರರೂ ಪತ್ರಿಕಾಕರ್ತರೂ ಆಗಿದ್ದ ಬುತ್ರುಸ್ ಅಲ್ ಬುಸ್ತಾನಿ. ೧೮೬೦ರಲ್ಲಿ ಲೆಬನಾನಿನಲ್ಲಿಯೂ ದಮಾಸ್ಕಸ್ಸಿನಲ್ಲಿಯೂ ಮತೀಯ ಕೊಲೆಗಳು ನಡೆದಾಗ ಬುಸ್ತಾನಿಯವರು ಕರಪತ್ರಗಳನ್ನು ಹೊರಡಿಸಿ, ಬೇರೆ ಬೇರೆ ಮತದವರೆಲ್ಲರೂ ಒಂದೇ ನೆಲದ, ಒಂದೇ ನುಡಿಯ ಮಕ್ಕಳೆಂದು ಸಾರಿದರು. ೧೮೬೩ರಲ್ಲಿ ಎಲ್ಲ ಮತದ ಹುಡುಗರಿಗೂ ತೆರೆದ ‘ರಾಷ್ಟ್ರೀಯ ಶಾಲೆ’ಯನ್ನು ಸ್ಥಾಪಿಸಿದರು. ಬಳಿಕ ಹಿರಿಯ ಅರಬ್ಬೀ ನಿಘಂಟನ್ನು ರಚಿಸಿ, ೧೮೭೬ರಿಂದ ವಿಶ್ವಕೋಶವನ್ನು ಪ್ರಕಟಿಸತೊಡಗಿದರು. ನಾಸಿಫರ ಮಗ ಇಬ್ರಾಹೀಮರು ೧೮೬೮ರಲ್ಲಿ ಅರಬರನ್ನು ನಿದ್ರೆಯಿಂದ ಏಳಿಸುವ ಕಸೀದೆಯೊಂದನ್ನು ಓದಿದರು. ಆಂಟೋನಿಯಸ್ ಅವರು ತಮ್ಮ ಗ್ರಂಥದ ಮೊದಲಿಗೆ ಮುದ್ರಿಸಿಕೊಂಡದ್ದು ಅದರ ಸಾಲನ್ನೇ.

ಅಲ್ಲಿಂದ ಅವರು ೧೮೭೫ರಲ್ಲಿ ಬೈರೂತಿನಲ್ಲಿ ಕೆಲವು ತರುಣರು ಕಟ್ಟಿದ ಗುಪ್ತ ಸಂಘಕ್ಕೂ, ೧೮೮೦ರಲ್ಲಿ ಗೋಡೆಗಳ ಮೇಲೆ ಕಾಣಿಸಿಕೊಂಡ ಭಿತ್ತಿಪತ್ರಗಳಿಗೂ, ೧೯೦೮ರ ತುರ್ಕಿ ಕ್ರಾಂತಿಗೂ, ೧೯೧೩ರ ಪ್ಯಾರಿಸ್ ಅರಬ್ ಮಹಾಸಭೆಗೂ, ಕೊನೆಗೆ ೧೯೧೬ರ ಜೂನ್ ತಿಂಗಳಲ್ಲಿ ಮಕ್ಕೆಯ ಶರೀಫ್ ಹುಸೇನರು ಎಬ್ಬಿಸಿದ ಬಂಡಾಯಕ್ಕೂ ಒಂದೇ ಸರಳರೇಖೆಯನ್ನು ಎಳೆಯುತ್ತಾರೆ. ಗ್ರಂಥದ ಬಲ ಬೇರೊಂದು ಕಡೆಯಲ್ಲಿದೆ. ಹುಸೇನರಿಗೂ ಬ್ರಿಟಿಷ್ ಅಧಿಕಾರಿ ಮ್ಯಾಕ್‌ಮಹೋನರಿಗೂ ೧೯೧೫-೧೬ರಲ್ಲಿ ನಡೆದ ಪತ್ರವ್ಯವಹಾರವನ್ನು ಅವರು ಅನುಬಂಧವಾಗಿ ಪೂರ್ತಿಯಾಗಿ ಮುದ್ರಿಸಿ, ಕೊಟ್ಟ ಮಾತಿಗೂ ೧೯೧೬ರ ಸೈಕ್ಸ್-ಪಿಕೋ ಒಪ್ಪಂದಕ್ಕೂ ಇರುವ ವಿರೋಧವನ್ನು ಓದುಗರ ಮುಂದಿಟ್ಟರು. ವಕೀಲಿಯಾಗಿ ಆ ಗ್ರಂಥ ಇಂದಿಗೂ ಸಮರ್ಥವಾಗಿಯೇ ಇದೆ. ಚರಿತ್ರೆಯಾಗಿ ಅದನ್ನು ಒಪ್ಪುವುದು ಕಷ್ಟ.

೩

ಕಷ್ಟವೇಕೆಂಬುದನ್ನು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಜೈನ್ ಎನ್. ಜೈನ್ ಅವರು ೧೯೫೮ರಲ್ಲಿ, ಆಲ್ಬರ್ಟ್ ಹುರಾನಿಯವರು ೧೯೬೨ರಲ್ಲಿ, ಅರ್ನೆಸ್ಟ್ ಡಾನ್ ಅವರು ೧೯೭೩ರಲ್ಲಿ ಪ್ರಕಟಿಸಿದ ಗ್ರಂಥಗಳಿಂದ ತಿಳಿದುಬರುವ ಚಿತ್ರವೇ ಬೇರೆ. ಬುಸ್ತಾನಿಯವರು ಪ್ರೀತಿಸಿದ ‘ವತನ್’ ಸಿರಿಯಾ ದೇಶ; ಅದು ಉಸ್ಮಾನೀ ಸಾಮ್ರಾಜ್ಯದ ಒಳಗೇ ಇರತಕ್ಕದ್ದೆಂದು ಅವರು ನಂಬಿದ್ದರು. ೧೯೧೪ಕ್ಕೆ ಮೊದಲು ಅರಬ್ ಪ್ರಾಂತಗಳ ಗಣ್ಯರಲ್ಲಿ ಹೆಚ್ಚಿನವರು ಸುಲ್ತಾನರಿಗೆ ನಿಷ್ಠರಾಗಿದ್ದರು. ಡಾನ್ ಅವರ ವಿವೇಚನೆಯಂತೆ ಅರಬ್‌ವಾದವು ಮೊದಲು ಪ್ರಬಲವಾದದ್ದು ಅಧಿಕಾರಸ್ಥಾನ ದೊರೆಯದಿದ್ದ ಗಣ್ಯರ ನಡುವೆ. ಸ್ಥಾನ ಪಡೆದಿದ್ದ ಅವರ ನೆರೆಯವರೂ ನಂಟರೂ ಉಸ್ಮಾನೀ ನಿಷ್ಠೆಯಲ್ಲಿಯೇ ಉಳಿದರು.

೧೯೧೩ರ ಪ್ಯಾರಿಸ್ ಮಹಾಸಭೆಯ ಬೇಡಿಕೆಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅರಬ್ ಪ್ರಾಂತಗಳಿಗೆ ಆಡಳಿತದಲ್ಲಿ ಸ್ವಾಯತ್ತತೆ ಬೇಕು, ಅಲ್ಲಿ ಅರಬ್ಬೀ ಭಾಷೆ ರಾಜಭಾಷೆಯಾಗಬೇಕು, ಪಾರ್ಲಿಮೆಂಟಿನಲ್ಲಿಯೂ ಅದಕ್ಕೆ ಮಾನ್ಯತೆ ದೊರೆಯಬೇಕು ಎಂದಷ್ಟೇ ಅವರು ಕೇಳಿದರು. ಸಾಮ್ರಾಜ್ಯದಿಂದ ಬಿಡುಗಡೆಯ ಮಾತೇ ಅಲ್ಲಿ ಇರಲಿಲ್ಲ. ಆ ಸಭೆಯ ಅಧ್ಯಕ್ಷರಾಗಿದ್ದ ಅಬ್ದುಲ್ ಹಮೀದ್ ಅಲ್ ಜಹ್ರಾವಿಯವರು ಅನಂತರ ಉಸ್ಮಾನೀ ಸೆನೆಟ್ಟಿನ ಸದಸ್ಯತ್ವವನ್ನೂ ಒಪ್ಪಿಕೊಂಡರು. ಅವರನ್ನೇ ೧೯೧೬ರ ಮೇ ೬ರಂದು ಜಮಾಲ್ ಪಾಶಾ ದಮಾಸ್ಕಸ್ಸಿನಲ್ಲಿ ಗಲ್ಲಿಗೇರಿಸಿದನು. ಸಾಮ್ರಾಜ್ಯದೊಳಗೆ ಗೌರವದ ಸ್ಥಾನವನ್ನು ಬಯಸಿದವರನ್ನು ಸಾಮ್ರಾಜ್ಯವೇ ಶತ್ರುಗಳನ್ನಾಗಿ ಮಾಡಿತು. ‘ಜಾಗೃತಿ’ಯ ಸರಳರೇಖೆಯಲ್ಲಿ ಈ ದುರಂತಕ್ಕೆ ಎಡೆಯಿಲ್ಲ; ಅಲ್ಲಿ ಜಹ್ರಾವಿಯವರು ಮೊದಲಿನಿಂದಲೂ ಸ್ವಾತಂತ್ರ್ಯಯೋಧರಾಗಿಯೇ ಕಾಣಬೇಕಾಗುತ್ತದೆ.

೪

ಈಗ ನಮ್ಮ ಕಡೆಗೆ ಬರೋಣ. ಮುದ್ರಣಾಲಯ ಬೈರೂತಿಗೆ ಬಂದ ೧೮೩೪ರಲ್ಲಿಯೇ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ೧೮೪೩ರ ಜುಲೈಯಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟಿತು. ೧೮೯೪ರಲ್ಲಿ ಕಿಟ್ಟೆಲ್ಲರ ನಿಘಂಟು ಪ್ರಕಟವಾಯಿತು. ಫ್ಲೀಟರು ೧೮೮೨ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನೂ, ಭಂಡಾರಕರರು ೧೮೮೪ರಲ್ಲಿ ದಕ್ಷಿಣಾಪಥದ ಪ್ರಾಚೀನ ಇತಿಹಾಸವನ್ನೂ ಬರೆದರು. ೧೮೮೬ರಲ್ಲಿ ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ಬಂದಿತು. ೧೮೯೮ರಲ್ಲಿ ಕೆ. ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ಸಂಪಾದಿಸಿ ಅಚ್ಚುಹಾಕಿಸಿದರು. ಸ್ಯೂಯೆಲರು ‘ಮರೆತುಹೋದ ಸಾಮ್ರಾಜ್ಯ’ವೆಂದು ಹೆಸರಿಟ್ಟು ವಿಜಯನಗರದ ಕಥೆಯನ್ನು ಪ್ರಕಟಿಸಿದ್ದು ೧೯೦೦ರಲ್ಲಿ.

ಈ ವರ್ಷಗಳನ್ನು ಸಾಲಾಗಿಟ್ಟು ನೋಡಿದಾಗ ಒಂದು ಸಂಗತಿ ಹೊಳೆಯದಿರದು. ವೆಂಕಟರಾಯರು ಹುಟ್ಟಿದ್ದು ೧೮೮೦ರಲ್ಲಿ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡೆಂದು ಇಂದು ನಮ್ಮ ಪ್ರತಿಯೊಂದು ಸಭೆಯಲ್ಲಿಯೂ ಕೇಳಿಬರುವ ಮಾತು ಅವರ ಬಾಲ್ಯದಲ್ಲಿ ಅಚ್ಚಿನಲ್ಲಿಯೇ ಇರಲಿಲ್ಲ. ಅವರ ತಲೆಮಾರಿನವರು ಗತವೈಭವವನ್ನು ಹೊಸದಾಗಿ ಓದಿ ಕಲಿತರು. ಕಲಿತದ್ದನ್ನು ನೆನಪೆಂದು ಕರೆದರು. ಇದನ್ನು ವಂಚನೆಯೆನ್ನುವುದು ಅನ್ಯಾಯ. ಶಾಸನಗಳು ದಿಟ, ಕಾವ್ಯಗಳು ದಿಟ, ಹಂಪಿಯ ಹಾಳು ದಿಟ. ಆದರೆ ಅವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ ‘ಇದು ನಮ್ಮದು’ ಎಂದು ಹೇಳಿದವರು ಅವರು; ಆ ದಾರವನ್ನು ಹೊಸೆದ ಕೀರ್ತಿ ಅವರಿಗೇ ಸಲ್ಲತಕ್ಕದ್ದು. ಜನಾಂಗವು ತಾನಾಗಿ ಎಚ್ಚತ್ತಿತು ಎಂದರೆ ಹೊಸೆದವರ ಕೈಗಳನ್ನು ಮರೆತಂತಾಗುತ್ತದೆ.

ಆ ಕೈಗಳು ಅನೇಕ. ಮರಾಠಿ ಶಾಲೆಗಳೇ ನೆಲೆಗೊಂಡಿದ್ದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪಿತವಾಯಿತು. ೧೮೯೬ರಲ್ಲಿ ಅದರ ‘ವಾಗ್ಭೂಷಣ’ ಪತ್ರಿಕೆ ಹೊರಟಿತು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಶಾಲಾ ಮಾಸ್ತರರು, ವಕೀಲರು, ಕಚೇರಿಯ ಗುಮಾಸ್ತರು, ಅಚ್ಚಿನ ಮೊಳೆ ಜೋಡಿಸುವವರು, ಚಂದಾದಾರರು—ಇವರ ದುಡಿಮೆ ಇಲ್ಲದೆ ‘ಗತವೈಭವ’ಕ್ಕೆ ಓದುಗರೇ ಇರುತ್ತಿರಲಿಲ್ಲ. ಡಾನ್ ಅವರು ಸಿರಿಯದಲ್ಲಿ ಕಂಡ ಉದ್ಯೋಗದ ಅಂಶವೂ ನಮ್ಮಲ್ಲಿ ಇಲ್ಲದಿರಲಿಲ್ಲ. ಧಾರವಾಡದಲ್ಲಿ ಮರಾಠಿಯ ಮೇಲುಗೈ, ಮದರಾಸಿನಲ್ಲಿ ತೆಲುಗರ ಕಣ್ಣಿಗೆ ಕಂಡ ತಮಿಳರ ಮೇಲುಗೈ—ಎರಡೂ ನೌಕರಿಯ ಪಟ್ಟಿಗಳಲ್ಲಿ ಮೊದಲು ಕಾಣಿಸಿಕೊಂಡವು. ವಿಶಾಖಪಟ್ಟಣದ ಬಿ. ಎನ್. ಶರ್ಮರ ಅಧ್ಯಕ್ಷತೆಯಲ್ಲಿ ೧೯೧೩ರಲ್ಲಿ ಬಾಪಟ್ಲದಲ್ಲಿ ನೆರೆದ ಮೊದಲ ಆಂಧ್ರ ಮಹಾಸಭೆಯೂ, ಮರುವರ್ಷ ವಿಜಯವಾಡದಲ್ಲಿ ನೆರೆದ ಎರಡನೆಯದೂ ಈ ಅಸಮಾಧಾನದಿಂದಲೇ ಬಲಗೊಂಡವು. ಪ್ಯಾರಿಸಿನ ಅರಬ್ ಮಹಾಸಭೆಯ ವರ್ಷವೂ ೧೯೧೩ ಎಂಬುದು ಗಮನಾರ್ಹ.

ಹಣಕಾಸಿನ ವೃತ್ತಿಯವನಿಗೆ ಇನ್ನೊಂದು ಸಂಗತಿ ತೋರುತ್ತದೆ. ನಾಡಿನ ಹೆಸರು ಕಾವ್ಯದಿಂದ ಲೆಕ್ಕದ ಪುಸ್ತಕಕ್ಕೆ ಇಳಿದಾಗಲೇ ಅದು ನೆಲೆಯೂರುತ್ತದೆ. ೧೯೨೦ರಲ್ಲಿ ತಲಾತ್ ಹರ್ಬರು ಈಜಿಪ್ತಿನಲ್ಲಿ ದೇಶೀಯ ಬಂಡವಾಳದಿಂದ ‘ಬಾಂಕ್ ಮಿಸ್ರ್’ ತೆರೆದರು. ‘ಮಿಸ್ರ್’ ಎಂದರೆ ಈಜಿಪ್ತು. ೧೯೨೩ರಲ್ಲಿ ಪಟ್ಟಾಭಿ ಸೀತಾರಾಮಯ್ಯನವರು ಮಚಲೀಪಟ್ಟಣದಲ್ಲಿ ಆಂಧ್ರ ಬ್ಯಾಂಕನ್ನು ಕಟ್ಟಿದಾಗ ಆಂಧ್ರವೆಂಬ ಪ್ರಾಂತ ಭೂಪಟದಲ್ಲಿ ಇನ್ನೂ ಇರಲಿಲ್ಲ. ಹೆಸರು ಮೊದಲು, ನಾಡು ಅನಂತರ. ಆಂಟೋನಿಯಸ್ ಅವರಾಗಲಿ ನಮ್ಮ ಏಕೀಕರಣದ ಚರಿತ್ರಕಾರರಾಗಲಿ ಇಂಥ ಸಾಕ್ಷ್ಯಕ್ಕೆ ತಕ್ಕಷ್ಟು ಬೆಲೆ ಕೊಟ್ಟಂತೆ ಕಾಣುವುದಿಲ್ಲ.

೫

ಆಲೂರರು ತಮ್ಮ ತತ್ತ್ವಕ್ಕೆ ‘ಕರ್ನಾಟಕತ್ವ’ವೆಂದು ಹೆಸರಿಟ್ಟರು. ಅದು ಭಾರತೀಯತೆಗೆ ಎದುರಾದುದಲ್ಲ, ಭಾರತೀಯತೆಯನ್ನು ಮುಟ್ಟುವ ಹಾದಿಯೇ ಅದು ಎಂಬುದು ಅವರ ಜೀವಮಾನದ ನಿಲುವು. ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಿಸಿದ ಕೈಯೇ ‘ಗತವೈಭವ’ವನ್ನೂ ಬರೆಯಿತೆಂಬುದನ್ನು ನೆನೆಯಬೇಕು. ಹೀಗೆ ನೋಡಿದರೆ ೧೯೧೩ರ ಜಹ್ರಾವಿಯವರಿಗೂ ೧೯೧೭ರ ಆಲೂರರಿಗೂ ನಿಲುವಿನಲ್ಲಿ ಹೆಚ್ಚಿನ ಅಂತರವಿಲ್ಲ. ದೊಡ್ಡ ಮನೆಯೊಳಗೆ ತಮ್ಮ ನುಡಿಗೊಂದು ಕೋಣೆ, ಇಬ್ಬರೂ ಬಯಸಿದ್ದು ಇಷ್ಟೆ.

ಹಾಗಿದ್ದರೆ ಪರಿಣಾಮಗಳು ಏಕೆ ಇಷ್ಟು ಭಿನ್ನವಾದವು? ಉತ್ತರವನ್ನು ಜನಾಂಗಗಳ ಸ್ವಭಾವದಲ್ಲಿ ಹುಡುಕುವುದು ವ್ಯರ್ಥ. ಅವರೆದುರಿಗಿದ್ದ ಸಂಸ್ಥೆಗಳಲ್ಲಿ ಹುಡುಕಬೇಕು. ೧೯೦೮ರ ಬಳಿಕ ಇಸ್ತಾಂಬುಲಿನ ಹೊಸ ಅಧಿಕಾರಿಗಳು ಕೇಂದ್ರದ ಹಿಡಿತವನ್ನು ಬಿಗಿಗೊಳಿಸಿದರು. ಯುದ್ಧ ಬಂದಾಗ ಗಲ್ಲುಗಂಬ ನಿಂತಿತು. ನಮ್ಮಲ್ಲಿ ೧೯೨೦ರ ನಾಗಪುರ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಗನುಗುಣವಾಗಿ ವಿಂಗಡಿಸಿಕೊಂಡಿತು. ೧೯೨೪ರ ಬೆಳಗಾವಿ ಅಧಿವೇಶನದ ಸಂದರ್ಭದಲ್ಲಿಯೇ ಏಕೀಕರಣದ ಪರಿಷತ್ತೂ ನೆರೆಯಿತು. ದೇಶದ ಹೋರಾಟ ಮತ್ತು ನಾಡಿನ ಹೋರಾಟ ಒಂದೇ ಪೆಂಡಾಲಿನಡಿಯಲ್ಲಿ ಕುಳಿತವು. ಈ ಹಾದಿಯೂ ನಿಷ್ಕಂಟಕವಾಗಿರಲಿಲ್ಲ. ೧೯೫೨ರ ಡಿಸೆಂಬರ್ ೧೫ರಂದು ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲಿ ಪ್ರಾಣಬಿಟ್ಟ ಮೇಲೆಯೇ ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಬಂದದ್ದು. ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು, ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹರಿದುಹಂಚಿದ್ದವರು ಹೀಗೆ ಒಂದಾದರು. ಒಂದೇ ಸಾಮ್ರಾಜ್ಯದ ಪ್ರಜೆಗಳಾಗಿದ್ದ ಅರಬರಾದರೋ ೧೯೨೦ರ ಬಳಿಕ ಬ್ರಿಟಿಷ್, ಫ್ರೆಂಚ್ ಆಡಳಿತಗಳ ಗಡಿಗಳಲ್ಲಿ ಹಂಚಿಹೋದರು. ಆ ವರ್ಷದ ಮಾರ್ಚಿಯಲ್ಲಿ ದಮಾಸ್ಕಸ್ಸಿನಲ್ಲಿ ಪಟ್ಟವೇರಿದ ಫೈಸಲರ ರಾಜ್ಯ ಜುಲೈಯಲ್ಲಿ ಫ್ರೆಂಚರ ಸೈನ್ಯದೆದುರು ಮುರಿದುಬಿತ್ತು.

ಎಲ್ಲಿಯೇ ಆಗಲಿ ಭಾಷೆಯ ಗಡಿಯನ್ನು ಗೆರೆಯಾಗಿ ಎಳೆದಾಗ ಗೆರೆಯ ಆಚೆ ಕೆಲವರು ಉಳಿದೇ ಉಳಿಯುತ್ತಾರೆ. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿಯೂ ಕಾಸರಗೋಡು ಕೇರಳದಲ್ಲಿಯೂ ಉಳಿದವು. ‘ಜಾಗೃತಿ’ಯ ರೂಪಕಕ್ಕೆ ಇವರ ವಿಷಯದಲ್ಲಿ ಹೇಳಲು ಮಾತಿಲ್ಲ. ಎಚ್ಚತ್ತ ಮನೆಯವರು ಮನೆಯಲ್ಲಿರಬೇಕು; ನೆರೆಮನೆಯಲ್ಲಿ ಎಚ್ಚತ್ತವರ ಗತಿಯೇನು?

೬

ಈ ಪ್ರಶ್ನೆಯೊಡನೆ ಸಿಂಹಾಚಲಕ್ಕೆ ಬರೋಣ. ಈ ದೇವಾಲಯದ ಗೋಡೆ ಕಂಬಗಳ ಮೇಲೆ ನೂರಾರು ಶಾಸನಗಳಿವೆ. ಕೃಷ್ಣದೇವರಾಯನು ಕಳಿಂಗದ ದಂಡಯಾತ್ರೆಯಲ್ಲಿ ೧೫೧೬ರಲ್ಲಿ ಇಲ್ಲಿಗೆ ಬಂದು, ರಾಣಿಯರಾದ ಚಿನ್ನಾದೇವಿ, ತಿರುಮಲದೇವಿಯರೊಡನೆ ದೇವರಿಗೆ ಆಭರಣಗಳನ್ನು ಅರ್ಪಿಸಿದುದನ್ನು ಒಂದು ಶಾಸನ ದಾಖಲಿಸುತ್ತದೆ, ೧೫೧೯ರದು ಇನ್ನೊಂದಿದೆ. ನಮ್ಮ ಸಂಘದ ಮಿತ್ರರು ಬಂಧುಗಳಿಗೆ ಗುಡಿ ತೋರಿಸುವಾಗ ‘ಇಲ್ಲಿಯವರೆಗೂ ಕನ್ನಡದ ಅರಸನ ಕೈ ಚಾಚಿತ್ತು’ ಎಂದು ಹೆಮ್ಮೆಪಡುವುದುಂಟು. ಆದರೆ ಆ ಶಾಸನಗಳ ಭಾಷೆ ತೆಲುಗು. ಅದೇ ಅರಸನ ೧೫೧೦ರ ಹಂಪಿಯ ವಿರೂಪಾಕ್ಷ ಶಾಸನ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಇದೆ. ತಿರುಮಲೆಯಲ್ಲಿ ಅವನ ದಾನಗಳು ತಮಿಳು, ತೆಲುಗು, ಕನ್ನಡಗಳಲ್ಲಿ ದಾಖಲಾಗಿವೆ. ಎಲ್ಲಿಗೆ ಹೋದರೆ ಅಲ್ಲಿಯವರು ಓದಬಲ್ಲ ನುಡಿಯಲ್ಲಿ ಬರೆಯಿಸುವುದು ಅವನ ಕಾಲದ ನೀತಿ.

ಇದೇ ದಂಡಯಾತ್ರೆಯ ನಡುವೆ ತಾನು ವಿಜಯವಾಡದಲ್ಲಿ ಕೆಲವು ದಿನ ತಂಗಿ, ಕೃಷ್ಣಾತೀರದ ಶ್ರೀಕಾಕುಳದ ಆಂಧ್ರವಿಷ್ಣುವಿನ ದರ್ಶನಕ್ಕೆ ಹೋದುದಾಗಿ ‘ಆಮುಕ್ತಮಾಲ್ಯದ’ದ ಪೀಠಿಕೆಯಲ್ಲಿ ರಾಯನೇ ಹೇಳಿಕೊಂಡಿದ್ದಾನೆ. ಅಲ್ಲಿ ದೇವರು ಕನಸಿನಲ್ಲಿ ಕಾಣಿಸಿಕೊಂಡು, ಅವನನ್ನು ಕನ್ನಡದ ರಾಯನೆಂದೇ ಸಂಬೋಧಿಸಿ, ತೆಲುಗಿನಲ್ಲಿ ಕಾವ್ಯ ಬರೆಯೆಂದು ಅಪ್ಪಣೆ ಕೊಡುತ್ತಾನೆ. ಕನ್ನಡದ ರಾಯ ಮತ್ತು ತೆಲುಗಿನ ಕವಿ ಒಂದೇ ದೇಹದಲ್ಲಿ ಜಗಳವಿಲ್ಲದೆ ನೆಲೆಸಿದ್ದರು. ನಾಲ್ಕು ಶತಮಾನಗಳ ಮೇಲೆ ‘ಜಾಗೃತಿ’ ಬಂದಿತು. ೧೯೦೧ರಲ್ಲಿ ಹೈದರಾಬಾದಿನಲ್ಲಿ ತೆಲುಗರು ತಮ್ಮ ಗ್ರಂಥಾಲಯಕ್ಕೆ ‘ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ’ವೆಂದು ಹೆಸರಿಟ್ಟರು, ಧಾರವಾಡದಲ್ಲಿ ಅದೇ ಅರಸನು ಕರ್ನಾಟಕ ಸಾಮ್ರಾಜ್ಯದ ಶಿಖರವಾದನು. ಒಬ್ಬನೇ ಅರಸನನ್ನು ಇಬ್ಬರೂ ‘ನೆನೆದರು’. ಎರಡೂ ನೆನಪುಗಳಾಗಿದ್ದರೆ ಒಂದು ಸುಳ್ಳಾಗಬೇಕಿತ್ತು. ಎರಡೂ ರಚನೆಗಳಾದುದರಿಂದ ಎರಡೂ ಉಪಯೋಗಕ್ಕೆ ಬಂದವು, ಎರಡೂ ಅರೆಪಾಲು ಸತ್ಯವಾದವು.

ಕಾಲದ ಒಂದು ಕಾಕತಾಳೀಯವನ್ನೂ ಇಲ್ಲಿ ಹೇಳಬೇಕು. ರಾಯನು ಸಿಂಹಾಚಲಕ್ಕೆ ಬಂದ ೧೫೧೬ರಲ್ಲಿಯೇ ಉಸ್ಮಾನೀ ಸುಲ್ತಾನ ಸಲೀಮನು ಅಲೆಪ್ಪೋ ಬಳಿಯ ಮರ್ಜ್ ದಾಬಿಕ್‌ನಲ್ಲಿ ಮಮ್ಲೂಕರನ್ನು ಸೋಲಿಸಿ ಸಿರಿಯಾವನ್ನು ಗೆದ್ದನು. ಅರಬ್ ಜಾಗೃತಿಯ ಕಥನದಲ್ಲಿ ನಿದ್ರೆ ಗಾಢವಾದದ್ದು ಆ ವರ್ಷದಿಂದ. ನಮ್ಮ ಕಥನದಲ್ಲಿ ಅದು ವೈಭವದ ಮಧ್ಯಾಹ್ನ, ನಿದ್ರೆಗೆ ೧೫೬೫ರವರೆಗೆ ಕಾಯಬೇಕು. ಆದರೆ ೧೫೬೫ರ ಮೇಲೆ ಕೆಳದಿಯೂ ಮೈಸೂರೂ ಬೆಳೆದವು, ಸರ್ವಜ್ಞನು ತ್ರಿಪದಿ ಹಾಡಿದನು, ಕರಾವಳಿಯಲ್ಲಿ ಯಕ್ಷಗಾನ ಕುಣಿಯಿತು. ಇದನ್ನು ನಿದ್ರೆಯೆನ್ನುವುದಾದರೆ ಅದು ವಿಚಿತ್ರವಾದ ನಿದ್ರೆ!

೭

ಅರಬ್ ರಾಷ್ಟ್ರೀಯತೆಗೆ ಶಾಸ್ತ್ರದ ರೂಪ ಕೊಟ್ಟವರು ಸಾತಿ ಅಲ್ ಹುಸ್ರಿ. ಅರಬ್ಬೀ ನುಡಿಯುವವನು, ತಾನು ಒಪ್ಪಲಿ ಬಿಡಲಿ, ಅರಬನೇ ಎಂಬುದು ಅವರ ಸಿದ್ಧಾಂತ. ಆದರೆ ಸ್ವತಃ ಹುಸ್ರಿಯವರು ತುರ್ಕಿ ನುಡಿಯಲ್ಲಿ ಬೆಳೆದು, ತುರ್ಕಿಯಲ್ಲಿ ಬರೆದು ಹೆಸರಾಗಿ, ಸಾಮ್ರಾಜ್ಯ ಮುರಿದ ಮೇಲೆ ಅರಬ್ಬೀಯನ್ನು ಆರಿಸಿಕೊಂಡವರು. ಸಿದ್ಧಾಂತದಲ್ಲಿ ಆಯ್ಕೆಗೆ ಎಡೆಯಿಲ್ಲ. ಸಿದ್ಧಾಂತಿಯ ಬಾಳೇ ಒಂದು ಆಯ್ಕೆ. ನಮ್ಮಲ್ಲಿಯೂ ಮರಾಠಿ ಮನೆಮಾತಿನ ಬೇಂದ್ರೆಯವರೂ ತಮಿಳು ಮನೆಮಾತಿನ ಮಾಸ್ತಿಯವರೂ ಕನ್ನಡವನ್ನು ದುಡಿದು ತಮ್ಮದಾಗಿಸಿಕೊಂಡರು. ಜರ್ಮನಿಯ ಕಿಟ್ಟೆಲ್ಲರು ನಿಘಂಟನ್ನು ಕೊಟ್ಟು ನಮ್ಮವರಾದರು. ಇವರಾರನ್ನೂ ಯಾರೂ ನಿದ್ರೆಯಿಂದ ಎಬ್ಬಿಸಲಿಲ್ಲ.

ಆದುದರಿಂದ ‘ಗತವೈಭವ’ವನ್ನು ಓದಬಾರದೆಂದು ನಾನು ಹೇಳುತ್ತಿಲ್ಲ. ಅದನ್ನು ಆಸ್ತಿಯ ಪತ್ರವೆಂದು ಓದುವುದು ತಪ್ಪು. ಒಬ್ಬ ವ್ಯಕ್ತಿ ತನ್ನ ಜನಕ್ಕಾಗಿ ಮಾಡಿದ ದುಡಿಮೆಯ ದಾಖಲೆಯೆಂದು ಓದಿದರೆ ಅದರ ಬೆಲೆ ಹೆಚ್ಚುತ್ತದೆ, ಕುಂದುವುದಿಲ್ಲ. ಹೀಗೆ ಓದಿದಾಗ ಆಂಧ್ರದ ಊರುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಸ್ಥಾನವೂ ನಿಚ್ಚಳವಾಗುತ್ತದೆ. ಶಾಲೆಯಲ್ಲಿ ತೆಲುಗು ಕಲಿತು, ಬೀದಿಯಲ್ಲಿ ತೆಲುಗು ಆಡುವ ಮಗು ಹುಸ್ರಿಯವರ ಲೆಕ್ಕದಲ್ಲಿ ನಮ್ಮ ಕೈಬಿಟ್ಟಿತು. ರಕ್ತದ ಲೆಕ್ಕದಲ್ಲಿ ಒಂದಕ್ಷರ ಓದದಿದ್ದರೂ ಕನ್ನಡಿಗನಾಗಿಯೇ ಉಳಿಯಿತು. ಎರಡೂ ಲೆಕ್ಕಗಳು ನಮ್ಮ ಹೊಣೆಯನ್ನು ತಪ್ಪಿಸುತ್ತವೆ. ಕೃಷ್ಣದೇವರಾಯನ ನಿದರ್ಶನದಂತೆ ಆ ಮಗು ತೆಲುಗನ್ನು ಚೆನ್ನಾಗಿ ಕಲಿತಷ್ಟರಿಂದ ಕನ್ನಡಕ್ಕೆ ನಷ್ಟವಿಲ್ಲ. ಬುಸ್ತಾನಿಯವರ, ದೇಶಪಾಂಡೆಯವರ ನಿದರ್ಶನದಂತೆ ಯಾರಾದರೊಬ್ಬರು ಪುಸ್ತಕ ಹಿಡಿದು ಕಲಿಸದೆ ಕನ್ನಡಕ್ಕೆ ಉಳಿವಿಲ್ಲ.

ಬೈರೂತಿನ ೧೮೪೭ರ ಸಂಘವೂ ಧಾರವಾಡದ ೧೮೯೦ರ ಸಂಘವೂ ಹುಟ್ಟಿದಾಗ ನಮ್ಮ ಈ ಸಂಘದಂತೆಯೇ ಸಣ್ಣವು. ಅವು ಇತಿಹಾಸದಲ್ಲಿ ನಿಂತದ್ದು ಘೋಷಣೆಯ ಬಲದಿಂದಲ್ಲವೆಂಬುದನ್ನು ಅವು ಬಿಟ್ಟುಹೋದ ನಿಘಂಟು, ಶಾಲೆ, ಪತ್ರಿಕೆಗಳು ಸಾರುತ್ತಿವೆ. ಸಿಂಹಾಚಲದ ತೆಲುಗು ಶಾಸನವನ್ನು ತೆಲುಗಿನಲ್ಲಿಯೇ ಓದಿ, ಅದರ ತಾತ್ಪರ್ಯವನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ತಿಳಿಸಬಲ್ಲ ಹತ್ತು ಜನರನ್ನು ನಮ್ಮ ಸಂಘ ಸಿದ್ಧಪಡಿಸಿದರೆ, ಆಲೂರರ ಕೆಲಸವನ್ನು ಅವರಿಗಿಂತ ಒಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ದಂತೆಯೇ ಸರಿ.